ಕರೆದರೋ, ತೋರಿಸಿದರೋ

ಹ್ಯೂಸ್ಟನ್‌ನಿಂದ ಪಶ್ಚಿಮಕ್ಕೆ, ವೆಸ್ಟ್‌ಪಾರ್ಕ್ ಟೋಲ್‌ವೇ ಹಿಡಿದು ಹೋದರೆ ಫುಲ್‌ಶೀರ್. 2010ರ ಜನಗಣತಿಯಲ್ಲಿ ಇಲ್ಲಿದ್ದವರು 1,134 ಮಂದಿ, 2020ರಲ್ಲಿ 16,856. ಆಮೇಲೂ ಊರು ನಿಂತಿಲ್ಲ. ಇಲ್ಲಿಯ ಕ್ರಾಸ್ ಕ್ರೀಕ್ ರಾಂಚ್ ಬಡಾವಣೆಯ ಒಂದು ಮನೆಯಲ್ಲಿ, ಡಿಸೆಂಬರ್ ಮೊದಲ ವಾರದಲ್ಲಿ, ಊಟದ ಮೇಜಿನ ಸುತ್ತ ನಡೆದ ಮಾತು ಇದು. ಮಾವ ಕಾರ್ಕಳದ ಕಡೆಯವರು, ನಿವೃತ್ತ ಹೈಸ್ಕೂಲ್ ಮಾಷ್ಟ್ರು. ಚಳಿಗಾಲ ಕಳೆಯಲು ತಂಗಿಯ ಮಗಳ ಮನೆಗೆ ಬಂದಿದ್ದಾರೆ. ಸೊಸೆ ಇಲ್ಲೇ ಕೆಲಸದಲ್ಲಿದ್ದಾಳೆ. ಆ ಬೆಳಿಗ್ಗೆ ಮಾಡಿನ ದಂಬೆಯಲ್ಲಿ ತುಂಬಿದ ತರಗೆಲೆ ತೆಗೆಯಲು ಬಂದಿದ್ದ ಮೆಕ್ಸಿಕೊ ಮೂಲದ ಕೆಲಸಗಾರನಿಗೆ ಮಾವ ಚಹಾ ಮಾಡಿ ಕೊಟ್ಟಿದ್ದರು. ಅಲ್ಲಿಂದ ಶುರು. ಊಟಕ್ಕೆ ಬಂದಿದ್ದ ನಾನು ಬಾಯಿ ಹಾಕಲಿಲ್ಲ, ಹಾಕಬೇಕು ಅನ್ನಿಸಿದ್ದು ಮಾತ್ರ ನಿಜ.

ಮಾವ: ಆ ಜನ ಫೋನು ತೆಗೆದು ಫೋಟೊ ತೋರಿಸಿದ್ದು ಸುಮ್ಮನೆ ಅಲ್ಲ ಮಾರಾಯ್ತಿ. ತಲೆಗೆ ಇಷ್ಟೆತ್ತರದ ಗರಿಯ ಕಿರೀಟ, ಕೈಯಲ್ಲಿ ಗಿಲಕಿ, ಕಾಲಿಗೆ ಗೆಜ್ಜೆಯ ಹಾಗೆ ಏನೋ. ಎದೆ ಮುಟ್ಟಿಕೊಂಡು "ನಾನೇ" ಅಂತ ತೋರಿಸಿದ. "ಭಾನುವಾರ, ಗ್ವಾದಲೂಪೆ" ಅಂದ. ಇದಕ್ಕಿಂತ ಇನ್ನೆಂಥ ಹೇಳಿಕೆ ಬೇಕು ನಿನಗೆ?

ಸೊಸೆ: ಅದು ಹೇಳಿಕೆ ಅಲ್ಲ ಮಾವ. ನೀವು ಚಹಾ ಕೊಟ್ಟಿರಿ, ಅವರು ಮೊಬೈಲು ತೋರಿಸಿದರು. ಇಲ್ಲಿ ಕರೆಯುವುದಿದ್ದರೆ ಎಲ್ಲಿಗೆ, ಎಷ್ಟು ಗಂಟೆಗೆ ಅಂತ ಹೇಳಿಯೇ ಕರೆಯುತ್ತಾರೆ.

ಮಾವ: ಎಲ್ಲಿಗೆ ಅಂತ ನಿನಗೆ ಗೊತ್ತುಂಟಲ್ಲ?

ಸೊಸೆ: ಗೊತ್ತುಂಟು. ಗ್ವಾದಲೂಪೆಯ ಮೇರಿಯಮ್ಮನ ಹಬ್ಬದ ದಿನ ಡಿಸೆಂಬರ್ 12. ಅದಕ್ಕೆ ಹತ್ತಿರದ ಭಾನುವಾರ ಹ್ಯೂಸ್ಟನ್ ಡೌನ್‌ಟೌನಿನಲ್ಲಿ ಮೆರವಣಿಗೆ. ಸಾವಿರಗಟ್ಟಲೆ ಜನ ನಡೆದುಕೊಂಡು ಜಾರ್ಜ್ ಆರ್. ಬ್ರೌನ್ ಕನ್ವೆನ್ಶನ್ ಸೆಂಟರಿಗೆ ಹೋಗುತ್ತಾರೆ, ಅಲ್ಲಿ ಬಲಿಪೂಜೆ. ಆಫೀಸಿನಲ್ಲಿ ಒಬ್ಬರು ಪ್ರತಿ ವರ್ಷ ಹೋಗುತ್ತಾರೆ. ಅವರೂ ನನ್ನನ್ನು ಕರೆದದ್ದಿಲ್ಲ.

ಮಾವ: ನೀನು ಕೇಳಿದ್ದೀಯಾ?

ಸೊಸೆ: ಅವರ ಪೂಜೆಗೆ ನಾನು ಬರುತ್ತೇನೆ ಅಂತ ನಾನೇ ಕೇಳುವುದಾ?

ಮಾವ: ಕಾರ್ಕಳದ ಅತ್ತೂರು ಇಗರ್ಜಿಗೆ ನಾವು ಯಾರನ್ನು ಕೇಳಿಕೊಂಡು ಹೋಗುತ್ತಿದ್ದೆವು? ಜನವರಿ ಕೊನೆಗೆ ಸಾಂತ್‌ಮಾರಿ ಜಾತ್ರೆ ಅಂದರೆ ಶಾಲೆಯಲ್ಲಿ ಮಕ್ಕಳ ತಲೆ ನಿಲ್ಲುತ್ತಿರಲಿಲ್ಲ. ನಿನ್ನ ಅಜ್ಜಿ ಸತ್ಯನಾರಾಯಣ ಪೂಜೆ ಮಾಡಿಸುವವಳು, ಅತ್ತೂರಿನಲ್ಲಿ ಮೇಣದ ಬತ್ತಿ ಹಚ್ಚದೆ ಆ ವರ್ಷ ಮುಗಿಯುತ್ತಿರಲಿಲ್ಲ. ನಿನಗೆ ಹುಟ್ಟಿದಾಗ ಕಿವಿ ಸೋರುತ್ತಿತ್ತು. ಹರಕೆ ಹೇಳಿಕೊಂಡದ್ದು ಯಾರಿಗೆ? ಸಂತ ಲಾರೆನ್ಸರಿಗೆ. ಪುಷ್ಕರಿಣಿಯ ನೀರು ಬಾಟಲಿಯಲ್ಲಿ ತಂದು ಇಟ್ಟಿದ್ದಳು.

ಸೊಸೆ: ಕಿವಿ ಗುಣವಾದದ್ದು ಡಾಕ್ಟರ ಮದ್ದಿನಿಂದ.

ಮಾವ: ಇರಬಹುದು. ಮದ್ದು ಕೊಟ್ಟ ಡಾಕ್ಟರೂ ಅತ್ತೂರಿಗೆ ಬರುತ್ತಿದ್ದರು! ನಾನು ಹೇಳುವುದು ಗುಣದ ವಿಷಯ ಅಲ್ಲ. ಆ ಐದು ದಿವಸ ಅದು ಕೊಂಕಣಿಯವರ ಇಗರ್ಜಿಯ ಹಬ್ಬವೂ ಹೌದು, ಇಡೀ ತಾಲೂಕಿನ ಜಾತ್ರೆಯೂ ಹೌದು. ಚುರುಮುರಿಯವನು, ಬಳೆಯವನು, ತೊಟ್ಟಿಲು ತಿರುಗಿಸುವವನು, ಎಲ್ಲರದ್ದೂ. ರಸ್ತೆಯ ಎರಡೂ ಬದಿ ಭಿಕ್ಷುಕರು ಸಾಲು ಕೂರುತ್ತಿದ್ದರು. ಅವರಿಗೆ ಹಂಚಲೆಂದೇ ಅಪ್ಪ ಚಿಲ್ಲರೆ ಮಾಡಿಸಿಕೊಂಡು ಬರುತ್ತಿದ್ದರು. ಅದಕ್ಕೂ ಆ ಸಂತನಿಗೂ ಸಂಬಂಧ ಉಂಟು. ಕ್ರಿಸ್ತಶಕ 258ರಲ್ಲಿ ರೋಮಿನಲ್ಲಿ ಅವರನ್ನು ಕೊಂದದ್ದು. ಇಗರ್ಜಿಯ ಸಂಪತ್ತು ತಂದೊಪ್ಪಿಸು ಅಂತ ಅಧಿಕಾರಿ ಕೇಳಿದಾಗ ಊರಿನ ಬಡವರನ್ನು, ಕುಂಟರನ್ನು ಕರೆದುಕೊಂಡು ಹೋಗಿ ನಿಲ್ಲಿಸಿದರಂತೆ, ಇದೇ ನಮ್ಮ ಸಂಪತ್ತು ಅಂತ. ಅವರ ಹಬ್ಬ ನಿಜವಾಗಿ ಆಗಸ್ಟ್ 10ಕ್ಕೆ. ಆಗಸ್ಟಿನಲ್ಲಿ ನಮ್ಮಲ್ಲಿ ಯಾವ ಜಾತ್ರೆ ಸಾಧ್ಯ? ಆ ಮಳೆಗೆ ಮೇಣದ ಬತ್ತಿ ಉರಿಯುತ್ತದಾ? ಜಾತ್ರೆ ಜನವರಿಗೆ ಬಂತು. ಅಂದರೆ ಊರಿನ ಹವೆಗೆ, ಊರಿನ ಗದ್ದೆ ಕೆಲಸಕ್ಕೆ ಹೊಂದಿಕೊಂಡೇ ಬೆಳೆದ ಹಬ್ಬ ಅದು.

ಸೊಸೆ: ಒಪ್ಪಿದೆ. ಅತ್ತೂರು ಇನ್ನೂರೈವತ್ತು ವರ್ಷ ದಾಟಿದ ಲೆಕ್ಕ. ಮೊದಲ ಚಾಪೆಲ್ 1759ರದ್ದು ಅನ್ನುತ್ತಾರೆ. ಅಷ್ಟು ಕಾಲ ಒಂದೇ ಊರಿನಲ್ಲಿ ಬದುಕಿದವರಿಗೆ ಒಬ್ಬರ ಹಬ್ಬಕ್ಕೆ ಇನ್ನೊಬ್ಬರು ಹೋಗುವುದು ಕೇಳಿಕೊಂಡು ಮಾಡುವ ಕೆಲಸ ಅಲ್ಲ. ನಾನು ಇಲ್ಲಿಗೆ ಬಂದು ಎಷ್ಟಾಯಿತು? ಈ ಬಡಾವಣೆಯೇ ನಿನ್ನೆ ಮೊನ್ನೆಯದ್ದು. ಅತ್ತೂರಿನ ಬಳಕೆಯನ್ನು ತಂದು ಹ್ಯೂಸ್ಟನ್ ಮೇಲೆ ಹೊದಿಸಿದರೆ ಹೇಗೆ?

ಮಾವ: ಎಲ್ಲದಕ್ಕೂ ಒಂದು ಮೊದಲ ವರ್ಷ ಇರಬೇಕಲ್ಲ.

ಸೊಸೆ: ಇನ್ನೊಂದು ಮಾತು ಹೇಳುತ್ತೇನೆ, ಬೇಸರ ಮಾಡಬೇಡಿ. ಅತ್ತೂರಿಗೆ ನೀವು ಧೈರ್ಯವಾಗಿ ಹೋದದ್ದು ಊರಿನಲ್ಲಿ ನಿಮ್ಮವರೇ ಹೆಚ್ಚು ಇದ್ದುದರಿಂದ. ಬರಬೇಡಿ ಅಂತ ಹೇಳುವ ಸ್ಥಿತಿಯಲ್ಲಿ ಅವರು ಇದ್ದರಾ? ಹೆಚ್ಚಿನವರು ಕಡಿಮೆಯವರ ಹಬ್ಬಕ್ಕೆ ಹೋದರೆ ಸೌಹಾರ್ದ ಅಂತ ಪೇಪರಿನಲ್ಲಿ ಬರುತ್ತದೆ. ತಿರುಗಿ ನೋಡಿ. 2022ರ ಮಾರ್ಚಿನಲ್ಲಿ ಕಾಪುವಿನ ಮಾರಿಪೂಜೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಜಾಗ ಕೊಡಲಿಲ್ಲ. ಅದೂ ಜಾತ್ರೆಯೇ ಅಲ್ಲವಾ? ಕಾಪು ಕಾರ್ಕಳದಿಂದ ಎಷ್ಟು ದೂರ?

ಮಾವ ಸ್ವಲ್ಪ ಹೊತ್ತು ಅನ್ನಕ್ಕೆ ಮಜ್ಜಿಗೆ ಕಲಸಿದರು. ಕಾಪುವಿನ ಮಾತಿಗೆ ಅವರಲ್ಲಿ ಸಿದ್ಧ ಉತ್ತರ ಇರಲಿಲ್ಲ. ಇದ್ದಿದ್ದರೆ ನಾನೇ ನಂಬುತ್ತಿರಲಿಲ್ಲ.

ಮಾವ: ಅದು ಸರಿಯಲ್ಲ ಅಂತ ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ. ಆದರೆ ಅದನ್ನು ಯಾಕೆ ನಾನು ಹೋಗದಿರುವುದಕ್ಕೆ ಕಾರಣ ಮಾಡುತ್ತೀ? ಹೋಗುವುದು ನಿಂತ ಕಡೆಯಲ್ಲೇ ಬೇಡ ಅನ್ನುವುದು ಶುರುವಾಗುವುದು. ಮತ್ತೆ, ಬರಬೇಡಿ ಅನ್ನುವ ಮನಸ್ಸು ಅತ್ತೂರಿನವರಿಗೆ ಇದ್ದಿದ್ದರೆ ಜಾತ್ರೆಯಲ್ಲಿ ಕೊಂಕಣಿಯ ಜೊತೆ ಕನ್ನಡದಲ್ಲೂ ಬಲಿಪೂಜೆ ಯಾಕೆ ಇಡುತ್ತಾರೆ?

ಸೊಸೆ: ಅದು ಘಟ್ಟದ ಮೇಲಿನ ಕ್ರೈಸ್ತರಿಗಾಗಿಯೂ ಇರಬಹುದು.

ಮಾವ: ಇರಬಹುದು. ಯಾರಿಗಾಗಿ ಇಟ್ಟದ್ದು ಅಂತ ನೋಡಿ ಕಿವಿ ಮುಚ್ಚಿಕೊಳ್ಳಲಿಕ್ಕೆ ಆಗುತ್ತದಾ? ಅತ್ತೂರಿನ ಕಥೆ ನೋಡು. 1784ರಲ್ಲಿ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಹಿಡಿಸಿ ಶ್ರೀರಂಗಪಟ್ಟಣಕ್ಕೆ ಕೊಂಡುಹೋದ. 1799ರಲ್ಲಿ ಅವನು ಸತ್ತ ಮೇಲೆ ಉಳಿದವರು ತಿರುಗಿ ಬಂದರು. ಹಳೆಯ ಇಗರ್ಜಿ ಇಲ್ಲ. ಪಾದ್ರಿ ಸಂತನ ಚಿಕ್ಕ ಮರದ ಮೂರ್ತಿ ಹಿಡಿದುಕೊಂಡು ಜಾಗ ಹುಡುಕುತ್ತಾ ಬಂದವರು ಗುಡ್ಡೆಯ ಬುಡದಲ್ಲಿ ಒರತೆ ಕಂಡು, ಮೂರ್ತಿ ಕೆಳಗಿಟ್ಟು ನೀರು ಕುಡಿದರಂತೆ. ಮತ್ತೆ ಎತ್ತಲು ಹೋದರೆ ಮೂರ್ತಿ ಏಳಲಿಲ್ಲ. ಅದೇ ಜಾಗ. ಈಗ ಅದು ಬೆಸಿಲಿಕಾ ಆಯಿತು, 2016ರಲ್ಲಿ. ದೇವರು ಇಟ್ಟಲ್ಲಿಂದ ಏಳದೆ ಕೂರುವ ಇಂಥದೇ ಕಥೆ ನಮ್ಮ ಎಷ್ಟು ದೇವಸ್ಥಾನಗಳಿಗೆ ಇಲ್ಲ ಹೇಳು? ಓಡಿಬಂದವರು ನೆಲೆ ನಿಲ್ಲಬೇಕಾದರೆ ಸುತ್ತಿನವರು ಬರಬೇಕು, ನೋಡಬೇಕು, ಕೈಮುಗಿಯಬೇಕು. ಈ ಮೆಕ್ಸಿಕೊದವರದ್ದೂ ಅದೇ ಅಲ್ಲವಾ?

ಸೊಸೆ: ಇಲ್ಲಿ ಸ್ವಲ್ಪ ಬೇರೆ ಉಂಟು. ಹ್ಯೂಸ್ಟನ್‌ನ ನ್ಯಾವಿಗೇಶನ್ ಬುಲೆವಾರ್ಡಿನಲ್ಲಿ ಅವರ್ ಲೇಡಿ ಆಫ್ ಗ್ವಾದಲೂಪೆ ಇಗರ್ಜಿ 1912ರಲ್ಲಿ ಶುರುವಾದದ್ದು. ಯಾಕೆ? ಬಿಳಿಯರ ಇಗರ್ಜಿಗಳಲ್ಲಿ ಮೆಕ್ಸಿಕನ್ನರಿಗೆ ಮರ್ಯಾದೆಯ ಜಾಗ ಇರಲಿಲ್ಲ. ಒಂದೇ ಪೋಪ್, ಒಂದೇ ಬಲಿಪೂಜೆ, ಆದರೂ ಬೇರೆ ಕೂರಬೇಕು. ತಮ್ಮದು ಅಂತ ಕಟ್ಟಿಕೊಂಡ ಜಾಗ ಅದು. ಅಲ್ಲಿಗೆ ಹೊರಗಿನವರು ಕುತೂಹಲಕ್ಕೆ ಹೋಗುವಾಗ ಎರಡು ಸಲ ಯೋಚನೆ ಮಾಡಬೇಕು.

ಮಾವ: ಅದಕ್ಕೇ ಅವರು ದಾರಿಗೆ ಬಂದದ್ದು! ಒಳಗೆ ಜಾಗ ಕೊಡದವರ ಊರಿನ ನಡುಬೀದಿಯಲ್ಲಿ ಅಮ್ಮನನ್ನು ಹೊತ್ತು ನಡೆಯುವುದು ಯಾಕೆ? ನೋಡಲಿ ಅಂತ. ದಾರಿಗೆ ಬಂದ ದೇವರನ್ನು ನೋಡಬೇಡ ಅಂದರೆ ತೇರು ಎಳೆಯುವುದಾದರೂ ಯಾಕೆ?

ಸೊಸೆ: ಯಾರು ನೋಡಲಿ ಅಂತ? ಆ ಬಿಳಿಯರು ನೋಡಲಿ ಅಂತ ಇರಬಹುದು. ನಾವು ಅಂತಲ್ಲ.

ಮಾವ: ನಾವು ಯಾವ ಲೆಕ್ಕ ಇಲ್ಲಿ?

ಸೊಸೆ: ಅದೇ ನನಗೂ ಗೊತ್ತಿಲ್ಲದ್ದು. ಜನಗಣತಿಯಲ್ಲಿ ನಾವೂ ಕಡಿಮೆಯವರೇ. ಆದರೆ ಈ ಮನೆ ನಮ್ಮದು, ಇದರ ಮಾಡು ಹತ್ತಿ ಕಸ ತೆಗೆಯಲು ಬಂದವರು ಅವರು. ಭಾನುವಾರ ಅವರು ಗರಿ ಕಟ್ಟಿ ಕುಣಿಯುವಾಗ ಸೋಮವಾರ ಸಂಬಳ ಕೊಡುವವರು ಎದುರಿಗೆ ನಿಂತು ನೋಡಿದರೆ ಅವರಿಗೆ ಹೇಗೆ ಅನ್ನಿಸುತ್ತದೆ?

ಮಾವ: ಯಕ್ಷಗಾನದ ಹರಕೆ ಆಟದ ಲೆಕ್ಕ ನಿನಗೆ ಮರೆತುಹೋಗಿದೆ. ಕಟೀಲು ಮೇಳದ ಆಟಕ್ಕೆ ಹರಕೆ ಹೊತ್ತವರು ವರ್ಷಗಟ್ಟಲೆ ಕಾಯುತ್ತಾರೆ. ಖರ್ಚು ಒಂದು ಮನೆಯದ್ದು, ನೋಡುವುದು ಊರು. ಟಿಕೆಟಿಲ್ಲ. ಚೌಕಿಯಲ್ಲಿ ದೇವರ ಪೂಜೆ, ಆಮೇಲೆ ಆಟ. ದಣಿಯೂ ಬರುತ್ತಾರೆ, ಒಕ್ಕಲೂ ಬರುತ್ತಾನೆ. ನೋಡುವವರು ಇಲ್ಲದೆ ಬಯಲು ಖಾಲಿ ಇದ್ದರೆ ಹರಕೆ ಹೊತ್ತವನಿಗೆ ಸಮಾಧಾನ ಉಂಟಾ? ಈ ಜನರ ಕುಣಿತವೂ ಹಾಗೆಯೇ ಅಂತ ನೀನೇ ಆಗ ಮೊಬೈಲು ನೋಡಿ ಓದಿ ಹೇಳಿದ್ದು.

ಸೊಸೆ: ಮಟಾಚಿನೆಸ್ ಅನ್ನುತ್ತಾರೆ. ಹೌದು, ಅವರಲ್ಲೂ ಎಷ್ಟೋ ಜನ ಅಮ್ಮನಿಗೆ ಮಾತು ಕೊಟ್ಟು ಕುಣಿಯುವವರೇ. ಮಗು ಹುಷಾರಾದರೆ ಇಷ್ಟು ವರ್ಷ ಕುಣಿಯುತ್ತೇನೆ ಅಂತ.

ಮಾವ: ಆಯಿತಲ್ಲ ಮತ್ತೆ! ಅವನು ಫೋಟೊ ತೋರಿಸಿದ್ದು ತಾನು ವೇಷ ಹಾಕುವುದನ್ನು ನಾನು ನೋಡಲಿ ಅಂತಲೇ. ಮಾಡು ಹತ್ತುವ ಆಳು ಅಂತ ಮಾತ್ರ ನಾನು ಅವನನ್ನು ತಿಳಿದಿರಬಾರದು ಅಂತ.

ಸೊಸೆಗೆ ಇದು ತಟ್ಟಿತು ಅಂತ ಕಾಣುತ್ತದೆ. ಎದ್ದು ನೀರಿನ ಹೂಜಿ ತುಂಬಿಸಿಕೊಂಡು ಬಂದಳು. ಬಂದವಳು ಬೇರೆ ದಾರಿ ಹಿಡಿದಳು.

ಸೊಸೆ: ಹರಕೆ ಆಟಕ್ಕೂ ಮನೆಮನೆಗೆ ಕಾಗದ ಹಂಚುತ್ತಾರೆ ಮಾವ. ಅದು ಬಿಡಿ. ಎಲ್ಲ ಹಬ್ಬದಲ್ಲೂ ಒಂದು ಹೊರಗಿನ ಭಾಗ, ಒಂದು ಒಳಗಿನ ಭಾಗ ಇರುತ್ತದೆ. ಪಕ್ಕದ ಕೇಟಿಯಲ್ಲಿ ನಮ್ಮ ಮಂಗಳೂರಿನ ಕ್ರೈಸ್ತ ಗೆಳತಿ ಇದ್ದಾಳಲ್ಲ, ಅವಳ ಮನೆಯ ಮೋಂತಿ ಹಬ್ಬ ನೋಡಿ. ಸೆಪ್ಟೆಂಬರ್ 8, ಮೇರಿಯಮ್ಮನ ಹುಟ್ಟಿದ ಹಬ್ಬ. ಊರಿನಲ್ಲಿ ಒಂಬತ್ತು ದಿನ ಮಕ್ಕಳು ಹೂ ಕೊಂಡುಹೋಗುತ್ತಾರೆ. ಪಾದ್ರಿ ಹೊಸ ತೆನೆ ಆಶೀರ್ವದಿಸಿ ಹಂಚುತ್ತಾರೆ. ಆ ತೆನೆಯ ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಹಾಕಿ ಮನೆಯ ಹಿರಿಯರು ಹಂಚುತ್ತಾರೆ, ಆಮೇಲೆ ಬಾಳೆಲೆಯಲ್ಲಿ ಬರೀ ಸಸ್ಯಾಹಾರದ ಊಟ. ಊರಿಂದ ಒಣಗಿಸಿದ ನಾಲ್ಕು ಕಾಳು ಕಾಗದದಲ್ಲಿ ಕಟ್ಟಿ ಕಳಿಸುತ್ತಾರೆ ಅವಳಿಗೆ. ಆ ಕಾಳು ಮನೆಯವರಿಗೆ. ಅವಳು ನನ್ನನ್ನು ಸಂಜೆ ಊಟಕ್ಕೆ ಕರೆಯುತ್ತಾಳೆ, ಕಾಳು ಹಂಚುವ ಹೊತ್ತಿಗಲ್ಲ. ನಾನು ಬೇಸರ ಮಾಡಿಕೊಂಡದ್ದೂ ಇಲ್ಲ. ನಮ್ಮಲ್ಲಿ ಕದಿರು ಕಟ್ಟುವಾಗ ಹೊರಗಿನವರನ್ನು ಕೂರಿಸಿಕೊಳ್ಳುತ್ತೇವಾ?

ಮಾವ: ಇಲ್ಲ. ಅಲ್ಲ, ಊರಿಂದ ಕಾಳು ಯಾಕೆ ತರಿಸಬೇಕು ಅವಳು? ಈ ಕೇಟಿಯೇ ಭತ್ತದ ಸೀಮೆ ಅಲ್ಲವಾ? ಮೊನ್ನೆ ಕಾರಿನಲ್ಲಿ ಹೋಗುವಾಗ ಆ ದೊಡ್ಡ ಗೋಪುರದ ಹಾಗಿನದ್ದು ಏನು ಅಂತ ಕೇಳಿದರೆ, ಭತ್ತ ಒಣಗಿಸುವ ಕಟ್ಟಡ ಅಂದೆ.

ಸೊಸೆ: ಹೌದು, ಈ ಬಯಲಿನಲ್ಲಿ ಕಳೆದ ಶತಮಾನದ ಶುರುವಿನಿಂದ ಭತ್ತ ಬೆಳೆದದ್ದೇ. ಹ್ಯೂಸ್ಟನ್ ಹತ್ತಿರದ ವೆಬ್‌ಸ್ಟರಿಗೆ 1904ರಲ್ಲಿ ಜಪಾನಿನ ಸೈಬಾರಾ ಅನ್ನುವವರು ತಮ್ಮ ದೇಶದ ಬಿತ್ತನೆ ತಂದು ಬೆಳೆದು ತೋರಿಸಿದರು. ಗದ್ದೆಗಳ ಮೇಲೆ ಈಗ ನಮ್ಮಂಥವರ ಮನೆಗಳು.

ಮಾವ: ಗದ್ದೆ ಮುಚ್ಚಿ ಮನೆ ಕಟ್ಟಿ, ತೆನೆಗೆ ಟಪ್ಪಾಲಿನ ದಾರಿ ಕಾಯುವುದು. ಒಳ್ಳೆ ಕಥೆ.

ಸೊಸೆ: ಅದು ಊರಿನಲ್ಲೂ ಆಗಿದೆ ಮಾವ, ಇಲ್ಲಿಗೆ ಮಾತ್ರ ಹೇಳಬೇಡಿ. ನಾನು ಕೇಳುವುದು ಇಷ್ಟು: ಗ್ವಾದಲೂಪೆಯಲ್ಲಿ ಯಾವುದು ಹೊರಗಿನದು, ಯಾವುದು ಕಾಳು ಹಂಚುವ ಹೊತ್ತು, ನಮಗೆ ಹೇಗೆ ಗೊತ್ತಾಗಬೇಕು? ಹನ್ನೆರಡನೇ ತಾರೀಕು ಹುಟ್ಟುವ ಹೊತ್ತಿಗೆ, ಮಧ್ಯರಾತ್ರಿ, ಇಗರ್ಜಿಯಲ್ಲಿ ಅಮ್ಮನಿಗೆ ಹಾಡು ಹೇಳುತ್ತಾರೆ, ಹುಟ್ಟುಹಬ್ಬದ ಹಾಡು. ಗುಲಾಬಿ ರಾಶಿ ಹಾಕುತ್ತಾರೆ. ಅದಕ್ಕೂ ಹೋಗುವುದಾ?

ಮಾವ: ಗುಲಾಬಿ ಯಾಕೆ?

ಸೊಸೆ: 1531ರ ಡಿಸೆಂಬರಿನಲ್ಲಿ ಟೆಪೆಯಾಕ್ ಗುಡ್ಡದಲ್ಲಿ ಹುವಾನ್ ಡಿಯೆಗೊ ಅನ್ನುವ ಅಲ್ಲಿಯ ಮೂಲನಿವಾಸಿಗೆ ಅಮ್ಮ ಕಾಣಿಸಿಕೊಂಡಳು ಅಂತ ನಂಬಿಕೆ. ಬಿಷಪ್ಪರು ನಂಬಲಿಲ್ಲ. ಚಳಿಗಾಲದಲ್ಲಿ ಅರಳಿದ ಹೂ ಹೊದಿಕೆಯಲ್ಲಿ ಕಟ್ಟಿಕೊಂಡು ಹೋಗಿ ಬಿಚ್ಚಿದಾಗ ಹೊದಿಕೆಯ ಮೇಲೆ ಅಮ್ಮನ ಚಿತ್ರ ಮೂಡಿತ್ತಂತೆ. ಅವರನ್ನು 2002ರಲ್ಲಿ ಸಂತ ಅಂತ ಸಾರಿದರು. ಆ ಗುಡ್ಡದಲ್ಲಿ ಹಿಂದೆ ಟೊನಾಂಟ್ಸಿನ್ ಅಂತ ಅವರ ತಾಯಿದೇವತೆಯ ಗುಡಿ ಇತ್ತು, ಜನ ಅದೇ ನೆಪದಲ್ಲಿ ಬರುತ್ತಾರೆ ಅಂತ ಸಹಗೂನ್ ಅನ್ನುವ ಪಾದ್ರಿ ಅದೇ ಶತಮಾನದಲ್ಲಿ ಬೇಸರಪಟ್ಟು ಬರೆದಿದ್ದಾರೆ.

ಮಾವ: ಅಂದರೆ ನಮ್ಮ ಮಾರಿಯಮ್ಮನ ಹಾಗೆಯೇ! ಬೆಂಗಳೂರಿನ ಶಿವಾಜಿನಗರದಲ್ಲೂ ಸೆಪ್ಟೆಂಬರ್ ಜಾತ್ರೆಗೆ ಕಾವಿ ಸೀರೆ ಉಟ್ಟುಕೊಂಡು ಬರುತ್ತಾರೆ, ಮೇರಿಯಮ್ಮನಿಗೂ ಸೀರೆಯೇ. ತೇರು ಬೇರೆ. ಎಲ್ಲ ಒಬ್ಬಳೇ ತಾಯಿ.

ಸೊಸೆ: ಇದೇ ಮಾವ ನಾನು ಹೆದರುವುದು. ನೋಡಲಿಕ್ಕೂ ಹೋಗಿಲ್ಲ, ಆಗಲೇ ಅವರ ಅಮ್ಮ ನಮ್ಮ ಅಮ್ಮ ಆಗಿಬಿಟ್ಟಳು. ನಾಳೆ ಅಲ್ಲಿ ನಿಂತು ಅವನಿಗೆ ಹೀಗೇ ಹೇಳಿದರೆ? ಅವರಿಗೆ ಅವಳು ಬೇರೆ ಯಾರೂ ಅಲ್ಲ.

ಇಲ್ಲಿ ನಾನು ಸೊಸೆಯ ಕಡೆ. ಒಬ್ಬಳೇ ತಾಯಿ ಅನ್ನುವುದು ದೊಡ್ಡ ಮಾತಾದರೂ ಎದುರಿನವರ ಕಥೆಯನ್ನು ಕೇಳದೆ ಮುಗಿಸಿಬಿಡುವ ಮಾತೂ ಹೌದು. ಆದರೆ ಸೀರೆಯ ಹೋಲಿಕೆ ಹಿಡಿದೇ ನಮ್ಮ ಅಜ್ಜಿಯಂದಿರು ಆ ಬಾಗಿಲು ದಾಟಿದ್ದು ಎಂಬುದನ್ನೂ ಅಲ್ಲಗಳೆಯಲಾರೆ.

ಮಾವ: ಹೇಳುವುದಿಲ್ಲ, ಬಾಯಿ ಮುಚ್ಚಿಕೊಂಡು ನಿಲ್ಲುತ್ತೇನೆ. ಮಧ್ಯರಾತ್ರಿಯದ್ದು ಬೇಡ. ದಾರಿಯಲ್ಲಿ ಬರುವುದು ಸಾಕು. ಒಂದು ಮೇಣದ ಬತ್ತಿ, ಎರಡು ಫೋಟೊ, ಮನೆಗೆ.

ಸೊಸೆ: ಫೋಟೊ ಖಂಡಿತ ಬೇಡ.

ಮಾವ: ಅದು ಯಾಕೆ? ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಒಂದು...

ಸೊಸೆ: ಅದಕ್ಕೇ ಬೇಡ ಅಂದದ್ದು. 2025ರ ಜನವರಿಯಲ್ಲಿ ಇಲ್ಲಿಯ ಸರ್ಕಾರ ಹಳೆಯ ನಿಯಮ ತೆಗೆದುಹಾಕಿತು. ಇಗರ್ಜಿ, ಶಾಲೆ, ಆಸ್ಪತ್ರೆಗಳಲ್ಲಿ ವಲಸೆ ಅಧಿಕಾರಿಗಳು ಸಾಮಾನ್ಯವಾಗಿ ಜನರನ್ನು ಹಿಡಿಯಬಾರದು ಅಂತ ಇತ್ತು, ಆ ತಡೆ ಹೋಯಿತು. ಜುಲೈಯಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೊ ಬಿಷಪ್ಪರು, ಹಿಡಿದುಕೊಂಡು ಹೋಗುತ್ತಾರೆ ಅನ್ನುವ ಹೆದರಿಕೆ ಇದ್ದವರು ಭಾನುವಾರದ ಬಲಿಪೂಜೆಗೆ ಬರದಿದ್ದರೂ ದೋಷವಿಲ್ಲ ಅಂತ ಆದೇಶವನ್ನೇ ಹೊರಡಿಸಿದರು. ಗುಂಪಿನಲ್ಲಿ ಯಾರ ಕಾಗದ ಸರಿ ಉಂಟು, ಯಾರದ್ದು ಇಲ್ಲ, ನಮಗೆ ಗೊತ್ತಾ? ನಿಮ್ಮ ವಿಡಿಯೊ ಎಲ್ಲಿಗೆ ಹೋಗುತ್ತದೆ ಗೊತ್ತಾ? ಅತ್ತೂರಿನಲ್ಲಿ ಫೋಟೊ ತೆಗೆದರೆ ಯಾರಿಗೂ ಏನೂ ಆಗುವುದಿಲ್ಲ.

ಮಾವ: ಇದು ನನಗೆ ಹೊಳೆದಿರಲಿಲ್ಲ. ಫೋನು ಮನೆಯಲ್ಲೇ ಇಟ್ಟರಾಯಿತು. ಆದರೆ ನೋಡು, ಹೆದರಿಕೆ ಅಷ್ಟು ಇದ್ದಾಗಲೂ ಅವರು ದಾರಿಗೆ ಬರುತ್ತಾರೆ ಅಂದರೆ, ಬದಿಯಲ್ಲಿ ನಾಲ್ಕು ಬೇರೆ ಜನ ನಿಂತಿರುವುದು ಅವರಿಗೆ ಬೇಕಾ ಬೇಡವಾ?

ಸೊಸೆ: ಗೊತ್ತಿಲ್ಲ ಮಾವ. ಬೇಕು ಅಂತಲೂ ಇರಬಹುದು. ನಾವೇ ಹಾಗೆ ಅಂದುಕೊಂಡು ಹೋಗುವುದು ಸುಲಭ.

ಮಾವ: ಶುಗರ್‌ಲ್ಯಾಂಡಿನ ಅಷ್ಟಲಕ್ಷ್ಮಿ ದೇವಸ್ಥಾನದ 90 ಅಡಿ ಹನುಮಂತನ ಕಥೆ ನೀನೇ ಹೇಳಿದ್ದು. 2024ರ ಆಗಸ್ಟಿನಲ್ಲಿ ಪ್ರತಿಷ್ಠೆ ಆದಾಗ ಕೆಲವು ಜನ ವಿರೋಧ ಮಾಡಲು ಬಂದರು ಅಂತ ನಿನಗೆ ಸಿಟ್ಟು ಬಂದಿತ್ತು. ಆವತ್ತು ಪಕ್ಕದ ಮನೆಯ ಅಮೆರಿಕನ್ನರು ಸುಮ್ಮನೆ ಬಂದು, ಏನೂ ಅರ್ಥವಾಗದೆ, ಪ್ರಸಾದ ತಿಂದು ಹೋಗಿದ್ದರೆ? ಯಾಕೆ ಬಂದಿರಿ, ಯಾರು ಕರೆದರು ಅಂತ ಕೇಳುತ್ತಿದ್ದೆಯಾ?

ಸೊಸೆ: ಇಲ್ಲ. ಖುಷಿಯಾಗುತ್ತಿತ್ತು. ಅವರು ಸೆಲ್ಫಿ ತೆಗೆದು "ಮಂಕಿ ಗಾಡ್" ಅಂತ ಬರೆಯದಿದ್ದರೆ.

ಮಾವ: ಹಾಗಾದರೆ ನಾವೂ ಬರೆಯುವುದು ಬೇಡ. ಹೋಗಿ ಬರುವ.

ಸೊಸೆ: ನಾನು ಮೇಣದ ಬತ್ತಿ ಹಚ್ಚುವುದಿಲ್ಲ. ಮನೆಯಲ್ಲೇ ದೀಪ ಹಚ್ಚದವಳು ಅಲ್ಲಿ ಹಚ್ಚಿದರೆ ವೇಷ ಆಗುತ್ತದೆ.

ಮಾವ: ನನ್ನದು ನಾನು ಹಚ್ಚುತ್ತೇನೆ. ನಿನ್ನ ಅಜ್ಜಿಯ ಲೆಕ್ಕದ್ದು ಅಂತ ಇರಲಿ.

ಸೊಸೆ: ಅಜ್ಜಿಗೆ ಹರಕೆ ಇತ್ತು. ನಿಮಗೆ ಆ ಅಮ್ಮನ ಹತ್ತಿರ ಏನು ಬಾಕಿ ಉಂಟು?

ಮಾವ: ಈಗ ಇಲ್ಲ. ಹೋದ ಮೇಲೆ ಆಗಬಹುದು. ಬಾಕಿ ಇದ್ದವರು ಮಾತ್ರ ಹೋಗಬೇಕು ಅಂತ ಎಲ್ಲಿ ಉಂಟು? ಅವನ ನಂಬರು ಉಂಟಲ್ಲ ನಿನ್ನ ಹತ್ತಿರ?

ಸೊಸೆ: ಉಂಟು. ಫೋನು ಮಾಡುತ್ತೇನೆ, ಆದರೆ ನನ್ನ ರೀತಿಯಲ್ಲಿ. ಹೊರಗಿನವರು ಬರಬಹುದಾ, ನಿಮಗೆ ಕಷ್ಟ ಇಲ್ಲವಲ್ಲ ಅಂತ ಕೇಳುತ್ತೇನೆ. ಬೇಡ ಅಂದರೆ ಮಾತು ಮುಗಿಯಿತು.

ಮಾವ: ಹಾಗೆ ಕೇಳಬೇಡ ಮಾರಾಯ್ತಿ! ಸಂಬಳ ಕೊಡುವವರು ಬರಬಹುದಾ ಅಂತ ಕೇಳಿದರೆ ಅವನು ಬೇಡ ಅನ್ನಲಿಕ್ಕೆ ಉಂಟಾ? ಸಂಕಟಕ್ಕೆ ಸಿಕ್ಕಿಸಿದ ಹಾಗೆ. ಎಷ್ಟು ಗಂಟೆಗೆ, ಯಾವ ಮೂಲೆಯಲ್ಲಿ ನಿಲ್ಲಬೇಕು ಅಂತ ಕೇಳು.

ಸೊಸೆ: ಅದು ಕೇಳುವುದಲ್ಲ, ಬರುತ್ತೇವೆ ಅಂತ ತಿಳಿಸುವುದು.

ಮಾವ: ಫೋಟೊ ತೋರಿಸಿದವನಿಗೆ ಅಷ್ಟು ತಿಳಿಸಿದರೆ ಸಾಕು.

ಸೊಸೆ: ನಾನು ಬರಬಹುದಾ ಅಂತಲೇ ಕೇಳುವುದು.